‘ಮಹಾರಾಜ’: ಕಸದ ಡಬ್ಬಿಯ ದೂರಿನಿಂದ ಹೊರಟ ಸೇಡಿನ ಕಥೆ

ನಿತಿಲನ್ ಸ್ವಾಮಿನಾಥನ್ ನಿರ್ದೇಶನದ ತಮಿಳು ಚಿತ್ರ ‘ಮಹಾರಾಜ’ 2024ರ ಜೂನ್ 14ರಂದು ತೆರೆಗೆ ಬಂದಾಗ, ಇದು ವಿಜಯ್ ಸೇತುಪತಿ ನಾಯಕರಾಗಿರುವ ಐವತ್ತನೆಯ ಚಿತ್ರ ಎಂಬುದೇ ಅದರ ಮುಖ್ಯ ಪ್ರಚಾರವಾಗಿತ್ತು. ಆದರೆ ಆ ಐವತ್ತರ ಸಂಖ್ಯೆ ಆಗ ಅಂಥ ಭರವಸೆ ಹುಟ್ಟಿಸುವಂತಿರಲಿಲ್ಲ. ‘ವಿಕ್ರಮ್’ (2022), ‘ಜವಾನ್’ (2023) ಚಿತ್ರಗಳಲ್ಲಿ ಖಳನಾಗಿ ಮೆರೆದ ನಟ, ನಾಯಕನಾಗಿ ಒಂಟಿಯಾಗಿ ಹೊತ್ತ ಚಿತ್ರಗಳು ಒಂದರ ಹಿಂದೊಂದು ಸೊರಗುತ್ತಿದ್ದ ಕಾಲವದು. ಹಾಗಿರುವಾಗ ದೊಡ್ಡ ಸದ್ದಿಲ್ಲದೆ ಬಂದ ಈ ಚಿತ್ರ ಬಾಯಿಂದ ಬಾಯಿಗೆ ಹರಡಿದ ಮಾತಿನ ಬಲದಲ್ಲೇ ಗಲ್ಲಾಪೆಟ್ಟಿಗೆಯಲ್ಲಿ ನೂರು ಕೋಟಿ ರೂಪಾಯಿ ದಾಟಿತು, ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆ ತಮಿಳು ತಿಳಿಯದವರನ್ನೂ ತಲುಪಿತು, ವರ್ಷದ ಕೊನೆಗೆ ಚೀನಾದ ಚಿತ್ರಮಂದಿರಗಳಿಗೂ ಹೋಯಿತು. ಇಷ್ಟು ಹೊಗಳಿಕೆಯ ಬಹುಪಾಲು ಕೊನೆಯ ತಿರುವಿನ ಕುರಿತಾದದ್ದು. ಚಿತ್ರದ ನಿಜವಾದ ಬಲ ಮೊದಲರ್ಧದ ಪೊಲೀಸ್ ಠಾಣೆಯಲ್ಲಿದೆ ಎಂದೂ, ಎಲ್ಲರೂ ಕೊಂಡಾಡಿದ ಆ ತಿರುವಿನಲ್ಲೇ ಅದರ ದೊಡ್ಡ ದೋಷವೂ ಅಡಗಿದೆ ಎಂದೂ ನನಗನ್ನಿಸುತ್ತದೆ.

ಕಥೆಯ ಆರಂಭ ಹೀಗಿದೆ. ಚೆನ್ನೈನಲ್ಲಿ ಸಲೂನೊಂದರಲ್ಲಿ ಕೆಲಸ ಮಾಡುವ ಮಹಾರಾಜ ಎಂಬ ಕ್ಷೌರಿಕ. ಲಾರಿಯೊಂದು ಮನೆಯೊಳಗೆ ನುಗ್ಗಿದ ಅಪಘಾತದಲ್ಲಿ ಅವನ ಹೆಂಡತಿ ಸಾಯುತ್ತಾಳೆ. ಕವುಚಿ ಬಿದ್ದ ಕಬ್ಬಿಣದ ಕಸದ ಡಬ್ಬಿಯ ಅಡಿಯಲ್ಲಿ ಸಿಕ್ಕಿಕೊಂಡ ಪುಟ್ಟ ಹೆಣ್ಣುಮಗು ಮಾತ್ರ ಬದುಕಿ ಉಳಿಯುತ್ತದೆ. ಮಗುವನ್ನು ಕಾಪಾಡಿದ ಆ ಡಬ್ಬಿಗೆ ಮನೆಯಲ್ಲಿ ಲಕ್ಷ್ಮಿ ಎಂಬ ಹೆಸರು, ಅದಕ್ಕೆ ದೇವರ ಮರ್ಯಾದೆ. ವರ್ಷಗಳು ಕಳೆದು, ಮಗಳು ಜ್ಯೋತಿ ಶಾಲೆಯ ಕ್ರೀಡಾ ಶಿಬಿರಕ್ಕೆ ಹೋಗಿರುವಾಗ, ಕಿವಿಗೆ ಬ್ಯಾಂಡೇಜು ಸುತ್ತಿಕೊಂಡು ಠಾಣೆಗೆ ಬರುವ ಮಹಾರಾಜ, ಮನೆಗೆ ನುಗ್ಗಿದ ಮೂವರು ತನ್ನನ್ನು ಹೊಡೆದು ಲಕ್ಷ್ಮಿಯನ್ನು ಹೊತ್ತೊಯ್ದರೆಂದು ದೂರು ಕೊಡುತ್ತಾನೆ. ಪೊರಕೆಗೆ ಕಾಲು ತಗುಲಿದರೆ ಲಕ್ಷ್ಮಿಯೆಂದು ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಬೆಳೆದ ನಮಗೆ ಕಸದ ಡಬ್ಬಿಗೆ ಈ ಹೆಸರು ಬಂದದ್ದು ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ. ಪೊಲೀಸರಿಗೆ ಮಾತ್ರ ಕಾಣುತ್ತದೆ.

ಈ ಠಾಣೆಯ ದೃಶ್ಯಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಲಕ್ಷ್ಮಿ ಎಂದರೆ ಹೆಂಡತಿಯೋ ಮಗಳೋ ಇರಬೇಕೆಂದುಕೊಂಡ ಪೊಲೀಸರು, ಅದು ಹಳೆಯ ಕಸದ ಡಬ್ಬಿಯೆಂದು ತಿಳಿದೊಡನೆ ಮೊದಲು ನಗುತ್ತಾರೆ, ಆಮೇಲೆ ರೇಗುತ್ತಾರೆ, ಕೊನೆಗೆ ಕೈಯನ್ನೂ ಎತ್ತುತ್ತಾರೆ. ಅವನು ಏಟು ತಿನ್ನುತ್ತಾನೆ, ಹೊರಗೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಯಾರು ಕೇಳಿದರೂ ಅದೇ ಕಥೆ, ಅದೇ ಕ್ರಮ, ಅದೇ ಏರಿಳಿತವಿಲ್ಲದ ದನಿ. ಡಬ್ಬಿ ಹುಡುಕಿಕೊಟ್ಟರೆ ಲಕ್ಷಗಟ್ಟಲೆ ಹಣ ಕೊಡುವೆನೆಂದು ಅವನು ಹೇಳಿದ ಕ್ಷಣದಿಂದ ಠಾಣೆಯ ವರಸೆಯೇ ಬದಲಾಗಿ, ನಿನ್ನೆಯವರೆಗೆ ಹುಚ್ಚನಾಗಿದ್ದವನು ಇಂದು ಗಿರಾಕಿಯಾಗುತ್ತಾನೆ. ಡಬ್ಬಿಯನ್ನು ಹುಡುಕುವುದಕ್ಕಿಂತ ಅಂಥದ್ದೇ ಇನ್ನೊಂದನ್ನು ಮಾಡಿಸುವುದು ಸುಲಭವೆಂದು ಲೆಕ್ಕ ಹಾಕುವ ಇನ್‌ಸ್ಪೆಕ್ಟರು, ಹೊಸ ಡಬ್ಬಿಗೆ ಹಳೆಯ ಕಳೆ ತರಿಸುವ ಏರ್ಪಾಡಿಗೂ ಇಳಿಯುತ್ತಾರೆ. ಕೆಳದರ್ಜೆಯ ಮನುಷ್ಯನೆಂದು ಕಂಡವನನ್ನು ಏಕವಚನದಲ್ಲಿ ಗದರಿಸುವ, ಅವನ ಜೇಬಿನ ಭಾರ ತಿಳಿದ ಮೇಲೆ ಕುರ್ಚಿ ಎಳೆದುಕೊಡುವ ಸರ್ಕಾರಿ ಕಚೇರಿಯ ನಡವಳಿಕೆಯನ್ನು ತಮಿಳು ಚಿತ್ರಗಳು ಬೈದು ತೋರಿಸಿದ್ದೇ ಹೆಚ್ಚು. ನಿತಿಲನ್ ನಗಿಸುತ್ತಲೇ ತೋರಿಸುತ್ತಾರೆ. ನಾನು ನೋಡಿದ ಬೆಂಗಳೂರಿನ ಚಿತ್ರಮಂದಿರದಲ್ಲಿ ಮಧ್ಯಂತರದವರೆಗೂ ಜನ ಗಟ್ಟಿಯಾಗಿ ನಕ್ಕರು. ಮಧ್ಯಂತರದ ನಂತರ ಆ ನಗುವೇ ಗಂಟಲಲ್ಲಿ ಸಿಕ್ಕಿಕೊಳ್ಳುವಂತೆ ಮಾಡುವುದು ನಿರ್ದೇಶಕರ ಉದ್ದೇಶವಾಗಿತ್ತೆಂಬುದು ಆಮೇಲೆ ತಿಳಿಯುವ ಸಂಗತಿ.

ವಿಜಯ್ ಸೇತುಪತಿ ಮಾತಿನ ಮಲ್ಲ. ಸಂಭಾಷಣೆಯನ್ನು ಎಳೆದು, ನಡುವೆ ತುಂಡರಿಸಿ, ಅರೆನಗುವಿನಲ್ಲಿ ಮುಗಿಸುವ ಅವರ ಶೈಲಿಗೆ ಅಭಿಮಾನಿಗಳಿರುವಂತೆಯೇ ಅದು ಇತ್ತೀಚೆಗೆ ಚರ್ವಿತಚರ್ವಣವಾಗಿದೆ ಎನ್ನುವವರೂ ಇದ್ದಾರೆ. ಇಲ್ಲಿ ಆ ಸಲಕರಣೆಗಳನ್ನೆಲ್ಲ ಅವರು ಮನೆಯಲ್ಲೇ ಬಿಟ್ಟು ಬಂದಿದ್ದಾರೆ. ಬಗ್ಗಿದ ಕತ್ತು, ಎದುರಿನವರ ಕಣ್ಣನ್ನು ತಪ್ಪಿಸಿ ನೆಲಕ್ಕೋ ಗೋಡೆಗೋ ನೆಟ್ಟ ನೋಟ, ಭಾರವಾದ ನಡಿಗೆ, ಇಷ್ಟೇ ಬಂಡವಾಳ. ಪೊಲೀಸರ ಮುಂದೆ ಅವನು ಪೆದ್ದನಂತೆ ಕಾಣುವುದಕ್ಕೂ, ಪ್ರೇಕ್ಷಕರಿಗೆ ಇವನು ಏನನ್ನೋ ಮುಚ್ಚಿಟ್ಟಿದ್ದಾನೆಂಬ ಗುಮಾನಿ ಹುಟ್ಟುವುದಕ್ಕೂ ಒಂದೇ ಮುಖ ಸಾಕಾಗಿದೆ. ಹೊಡೆದಾಟದ ದೃಶ್ಯಗಳಲ್ಲಿ ಕೂಡ ತಾರೆಯ ಪ್ರವೇಶಕ್ಕೆ ಬೇಕಾದ ಹಾರಾಟ ಕಡಿಮೆ, ಮೈಭಾರವೆಲ್ಲ ಹಾಕಿ ಹೊಡೆಯುವ ಮನುಷ್ಯನ ದಣಿವು ಹೆಚ್ಚು. ಐವತ್ತನೆಯ ಚಿತ್ರಕ್ಕೆ ಇಂಥ ಪಾತ್ರವನ್ನು ಒಪ್ಪಿಕೊಂಡದ್ದಕ್ಕೇ ಅವರನ್ನು ಮೆಚ್ಚಬೇಕು.

ಉಳಿದ ಪಾತ್ರವರ್ಗದ ಆಯ್ಕೆಯಲ್ಲಿ ನಿರ್ದೇಶಕರ ಚಾಣಾಕ್ಷತನ ಎದ್ದು ಕಾಣುತ್ತದೆ. ಇನ್‌ಸ್ಪೆಕ್ಟರ್ ವರದರಾಜನ್ ಆಗಿರುವ ನಟ್ಟಿ ಎಂಬ ನಟರಾಜನ್ ಸುಬ್ರಮಣ್ಯಂ ಮೂಲತಃ ಛಾಯಾಗ್ರಾಹಕರು. ಅನುರಾಗ್ ಕಶ್ಯಪ್ ಅವರ ‘ಬ್ಲ್ಯಾಕ್ ಫ್ರೈಡೇ’ಗೆ ಕ್ಯಾಮೆರಾ ಹಿಡಿದವರು ಅವರೇ. ಆ ನಿರ್ದೇಶಕ, ಈ ಛಾಯಾಗ್ರಾಹಕ ಇಬ್ಬರೂ ಇಲ್ಲಿ ಕ್ಯಾಮೆರಾದ ಮುಂದೆ ನಿಂತು, ಒಬ್ಬರು ಕಳ್ಳನೂ ಇನ್ನೊಬ್ಬರು ಪೊಲೀಸನೂ ಆಗಿದ್ದಾರೆ. ನಟ್ಟಿ ಅವರ ಪಾತ್ರ ಲಂಚಕೋರತನದಿಂದ ಹೊರಟು ಎಲ್ಲಿಗೋ ತಲುಪುವ ಪಯಣವನ್ನು ದೊಡ್ಡ ಮಾತುಗಳಿಲ್ಲದೆ ದಾಟಿಸುತ್ತದೆ, ನನ್ನ ಲೆಕ್ಕದಲ್ಲಿ ಸೇತುಪತಿಯವರ ನಂತರದ ಸ್ಥಾನ ಅವರದೇ. ಹಗಲು ಎಲೆಕ್ಟ್ರಾನಿಕ್ ಸಾಮಾನುಗಳ ಅಂಗಡಿ, ರಾತ್ರಿ ಮನೆಗಳಿಗೆ ನುಗ್ಗಿ ದರೋಡೆ, ಅತ್ಯಾಚಾರ, ಕೊಲೆ ನಡೆಸುವ ಸೆಲ್ವಂ ಪಾತ್ರದಲ್ಲಿ ಕಶ್ಯಪ್ ಭಯ ಹುಟ್ಟಿಸುವುದೇನೋ ಹೌದು. ‘ಇಮೈಕ್ಕಾ ನೊಡಿಗಳ್’ (2018) ಚಿತ್ರದಲ್ಲಿಯೂ ಖಳನಾಗಿದ್ದ ಅವರಿಗೆ ತಮಿಳು ಚಿತ್ರ ಹೊಸದಲ್ಲ. ಆದರೆ ತುಟಿಯ ಚಲನೆಗೂ ಕೇಳಿಸುವ ದನಿಗೂ ಹಲವು ಕಡೆ ತಾಳೆಯಾಗುವುದಿಲ್ಲ, ಭಾವ ತೀವ್ರವಾಗಬೇಕಾದ ಕಡೆಯಲ್ಲೇ ಇದು ಹೆಚ್ಚು ಎದ್ದು ಕಾಣುವುದು ದುರದೃಷ್ಟ. ಸೆಲ್ವಂನ ಹೆಂಡತಿ ಕೋಕಿಲ ಆಗಿರುವ ಅಭಿರಾಮಿ ಕನ್ನಡಿಗರಿಗೆ ‘ರಕ್ತ ಕಣ್ಣೀರು’ ಕಾಲದಿಂದ ಪರಿಚಿತರು. ಅವರಿಗೆ ಸಿಕ್ಕಿರುವ ಅವಕಾಶ ಚಿಕ್ಕದು. ಜ್ಯೋತಿಯ ಕ್ರೀಡಾ ಶಿಕ್ಷಕಿಯಾದ ಮಮತಾ ಮೋಹನ್‌ದಾಸ್, ಸಲೂನಿನ ಮಾಲೀಕರಾದ ಭಾರತಿರಾಜಾ ಇದ್ದೂ ಇಲ್ಲದಂತಿದ್ದಾರೆ. ಹಾಸ್ಯನಟರೆಂದೇ ಎಲ್ಲರೂ ಬಲ್ಲ ಸಿಂಗಂಪುಲಿ ಅವರಿಗೆ ಕೊಟ್ಟಿರುವ ಪಾತ್ರದ ಬಗ್ಗೆ ಮುಂದೆ ಹೇಳುತ್ತೇನೆ.

ಕನ್ನಡದ ಓದುಗರಿಗೆ ಈ ಚಿತ್ರದಲ್ಲಿ ಇನ್ನೊಂದು ನಂಟಿದೆ. ಸಂಗೀತ ನಮ್ಮ ಬಿ. ಅಜನೀಶ್ ಲೋಕನಾಥ್ ಅವರದು, ಅದೂ ಮೊದಲ ಸಲದ ಕರೆಯಲ್ಲ. ನಿತಿಲನ್ ಅವರ ಮೊದಲ ಚಿತ್ರ ‘ಕುರಂಗು ಬೊಮ್ಮೈ’ (2017)ಗೂ ಅವರೇ ಸಂಗೀತ ಕೊಟ್ಟಿದ್ದರು, ಅಂದರೆ ‘ಕಾಂತಾರ’ ಬಂದು ಅವರ ಹೆಸರು ದೇಶವೆಲ್ಲ ಹಬ್ಬುವುದಕ್ಕೆ ಐದು ವರ್ಷ ಮುಂಚೆ. ‘ಕಾಂತಾರ’ದ ಅಬ್ಬರವನ್ನು ನಿರೀಕ್ಷಿಸಿ ಕುಳಿತವರಿಗೆ ಇಲ್ಲಿ ಅದು ಸಿಗುವುದಿಲ್ಲ. ಠಾಣೆಯ ಹಾಸ್ಯಕ್ಕೆ ಅವರು ವಾದ್ಯಗಳಿಂದ ಕಚಗುಳಿ ಇಟ್ಟಿಲ್ಲ. ನಗುವಿನ ದೃಶ್ಯಗಳಡಿಯಲ್ಲೂ ಒಂದು ಅಶುಭದ ಎಳೆಯನ್ನು ಮೆಲ್ಲಗೆ ಹರಿಯಬಿಟ್ಟಿದ್ದಾರೆ. ಎರಡನೆಯ ಸಲ ನೋಡುವಾಗ ಕಥೆ ಎತ್ತ ಹೋಗುವುದೆಂದು ಸಂಗೀತಕ್ಕೆ ಮೊದಲೇ ಗೊತ್ತಿತ್ತೆಂಬುದು ಅರಿವಾಗುತ್ತದೆ. ಕಾಲವನ್ನು ಕಲಸಿ, ಹಲವರ ಕಣ್ಣಿನಿಂದ ಒಂದೇ ಕಥೆಯನ್ನು ಹೇಳುವ ಪ್ರಯೋಗಕ್ಕೆ ಅಜನೀಶ್ 2014ರಲ್ಲೇ ‘ಉಳಿದವರು ಕಂಡಂತೆ’ಯಲ್ಲಿ ಜೊತೆಯಾದವರೆಂಬುದನ್ನು ನೆನೆದರೆ, ಈ ಬಗೆಯ ಹೆಣಿಗೆಯಲ್ಲಿ ಅವರಿಗೆ ಕೈ ಪಳಗಿರುವುದು ಆಶ್ಚರ್ಯವೇನಲ್ಲ. ದಿನೇಶ್ ಪುರುಷೋತ್ತಮನ್ ಅವರ ಛಾಯಾಗ್ರಹಣ ಅಚ್ಚುಕಟ್ಟಾಗಿದೆ. ಚಿತ್ರದ ಹಣೆಬರಹ ನಿಂತಿರುವುದು ಫಿಲೋಮಿನ್ ರಾಜ್ ಅವರ ಸಂಕಲನದ ಮೇಲೆ. ಒಂದೆರಡು ತುಣುಕು ಹಿಂದುಮುಂದಾಗಿದ್ದರೂ ಇಡೀ ಗುಟ್ಟು ಅರ್ಧದಲ್ಲೇ ಬಯಲಾಗುತ್ತಿತ್ತು.

ಇಲ್ಲಿಂದ ಮುಂದೆ ಕಥೆಯ ಗುಟ್ಟನ್ನು ಬಿಡಿಸದೆ ವಿಮರ್ಶೆ ಮಾಡುವುದು ಸಾಧ್ಯವಿಲ್ಲ. ಚಿತ್ರ ನೋಡದೆ ಇರುವವರು ನೋಡಿದ ಮೇಲೆ ಓದುವುದು ಒಳ್ಳೆಯದು.

ಮಹಾರಾಜನ ಕಥೆಯ ಪಕ್ಕದಲ್ಲೇ ಸೆಲ್ವಂನ ಕಥೆಯೂ ನಡೆಯುತ್ತಿರುತ್ತದೆ. ಅವನಿಗೂ ಹೆಂಡತಿ, ಅಮ್ಮು ಎಂಬ ಪುಟ್ಟ ಮಗಳು; ಮಗಳೆಂದರೆ ಪ್ರಾಣ. ಯಾವ ಕಾಲದ್ದೆಂಬ ಸೂಚನೆಯೇ ಇಲ್ಲದೆ ಬರುವ ಈ ಭಾಗವನ್ನು ನಾವು ಮಹಾರಾಜ ಠಾಣೆ ಅಲೆಯುತ್ತಿರುವ ದಿನಗಳದ್ದೇ ಎಂದು ನಂಬಿಬಿಡುತ್ತೇವೆ. ವಾಸ್ತವದಲ್ಲಿ ಅದು ಎಷ್ಟೋ ವರ್ಷ ಹಿಂದಿನದು. ಮಗಳಿಗಾಗಿ ಕೊಂಡ ಚಿನ್ನದ ಸರವನ್ನು ಸೆಲ್ವಂ ಸಲೂನಿನಲ್ಲಿ ಮರೆತು ಹೋಗುತ್ತಾನೆ. ಅದನ್ನು ಕೊಡಲೆಂದು ಮಹಾರಾಜ ಅವನ ಮನೆಗೆ ಹೋದ ಹೊತ್ತಿನಲ್ಲೇ ಪೊಲೀಸರೂ ಬರುತ್ತಾರೆ. ತನ್ನನ್ನು ಹಿಡಿದುಕೊಟ್ಟವನು ಇವನೇ ಎಂದು ತಪ್ಪು ತಿಳಿದ ಸೆಲ್ವಂ ಜೈಲಿನಿಂದ ಬಿಡುಗಡೆಯಾದ ಮೇಲೆ ಸೇಡಿಗೆ ಹೊರಡುತ್ತಾನೆ, ಮಹಾರಾಜನ ಮಗಳೆಂದುಕೊಂಡ ಜ್ಯೋತಿಯ ಮೇಲೆ ತನ್ನ ಜೊತೆಗಾರರಿಂದ ಅತ್ಯಾಚಾರ ಮಾಡಿಸುತ್ತಾನೆ. ಲಾರಿ ಅಪಘಾತದ ದಿನ ಕೋಕಿಲಳೂ ಅವಳ ಮಗುವೂ ಅದೇ ಮನೆಯಲ್ಲಿದ್ದರು, ಮಹಾರಾಜನ ಹೆಂಡತಿಯ ಜೊತೆ ಅವನ ಸ್ವಂತ ಮಗಳೂ ಅಂದೇ ಸತ್ತಿದ್ದಳು, ಡಬ್ಬಿಯಡಿ ಉಳಿದ ಮಗು ಸೆಲ್ವಂನ ಅಮ್ಮು, ಅವಳೇ ಜ್ಯೋತಿ ಎಂಬುದು ಕೊನೆಗೆ ಹೊರಬೀಳುತ್ತದೆ. ಮಹಾರಾಜ ಠಾಣೆಗೆ ಬಂದದ್ದು ಡಬ್ಬಿಗಾಗಿ ಅಲ್ಲ, ಆ ಮೂವರಲ್ಲಿ ಇನ್ನೂ ಕೈಗೆ ಸಿಗದೆ ಉಳಿದವನಿಗಾಗಿ.

ಕುಶಲತೆಯ ದೃಷ್ಟಿಯಿಂದ ಇದನ್ನು ಮೋಸವೆನ್ನಲು ಬರುವುದಿಲ್ಲ. ಆರಂಭದ ಅಪಘಾತದ ದೃಶ್ಯವನ್ನು ಮರಳಿ ನೋಡಿದರೆ, ಡಬ್ಬಿಯಡಿಯ ಮಗು ಮಹಾರಾಜನದೇ ಎಂದು ಊಹಿಸಿಕೊಂಡವರು ನಾವೇ ಹೊರತು ಚಿತ್ರ ಅದನ್ನು ರುಜುವಾತು ಮಾಡಿ ತೋರಿಸಿರುವುದಿಲ್ಲ. ಆದರೆ ಗಂಟು ಹಾಕುವುದಕ್ಕೆ ಬೇಕಾದ ಕಾಕತಾಳೀಯಗಳ ಪಟ್ಟಿ ಮಾತ್ರ ದೊಡ್ಡದು. ಸರದ ಚೀಲ ಮರೆತದ್ದು, ಪೊಲೀಸರು ಅದೇ ಗಳಿಗೆಗೆ ಬಂದದ್ದು, ಲಾರಿ ಅದೇ ಮನೆಗೆ ಅದೇ ಹೊತ್ತಿಗೆ ನುಗ್ಗಿದ್ದು, ಇವುಗಳಲ್ಲಿ ಒಂದು ತಪ್ಪಿದ್ದರೂ ಕಥೆಯಿಲ್ಲ. ವಿಧಿಯ ಆಟವೆಂದು ಭಾರವನ್ನೆಲ್ಲ ವಿಧಿಯ ಮೇಲೆ ಹಾಕಿ ಚಿತ್ರಕಥೆಗಾರರು ಕೈತೊಳೆದುಕೊಳ್ಳುತ್ತಾರೆ, ಎರಡು ಗಂಟೆ ಇಪ್ಪತ್ತು ನಿಮಿಷಗಳ ಓಟದಲ್ಲಿ ನಮಗೂ ಅದನ್ನು ಪ್ರಶ್ನಿಸುವಷ್ಟು ಪುರುಸೊತ್ತು ಸಿಗುವುದಿಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಜ್ಯೋತಿ ಅನುಭವಿಸಿದ ಕ್ರೌರ್ಯವನ್ನು ಚಿತ್ರ ಬಹಳ ಹೊತ್ತು ಬಚ್ಚಿಡುತ್ತದೆ, ಏಕೆಂದರೆ ಅದು ಒಗಟಿನ ಉತ್ತರ. ಉತ್ತರವನ್ನು ಬಚ್ಚಿಡಬೇಕಾದರೆ ಆ ಹುಡುಗಿಯನ್ನೂ ಬಚ್ಚಿಡಬೇಕು. ಹೀಗಾಗಿ ಅವಳು ಶಿಬಿರಕ್ಕೆ ಹೋದ ಮಗಳಾಗಿ ಕಥೆಯಿಂದ ಹೊರಗುಳಿದು, ತಂದೆಯ ನೋವು, ಪೊಲೀಸರ ಮನಃಪರಿವರ್ತನೆ, ಖಳನ ಪಶ್ಚಾತ್ತಾಪ ಎಲ್ಲವೂ ಅವಳಿಗಿಂತ ಮುಂಚೆ ಸರದಿಯಲ್ಲಿ ನಿಲ್ಲುತ್ತವೆ. ಕೊನೆಯಲ್ಲಿ ತನ್ನ ಬದುಕನ್ನು ಹಾಳುಮಾಡಲು ನೋಡಿದವನ ಎದುರಿಗೆ ತಾನೇ ಹೋಗಿ ನಿಲ್ಲುವ ಹಟ ಅವಳದಾಗಿದೆ, ಸಚನಾ ನಮಿದಾಸ್ ಆ ದೃಶ್ಯವನ್ನು ಅಳುಬುರುಕತನವಿಲ್ಲದೆ ಗಟ್ಟಿಯಾಗಿ ನಿಭಾಯಿಸಿದ್ದಾರೆ. ಆದರೂ ಆ ದೃಶ್ಯದ ಅಂತಿಮ ಏಟು ಬೀಳುವುದು ಸೆಲ್ವಂನ ಮೇಲೆ: ತಾನು ಕೆಡಿಸಿದ್ದು ತನ್ನದೇ ಮಗಳನ್ನು ಎಂದು ಅವನಿಗೆ ತಿಳಿಯುವ ಕ್ಷಣಕ್ಕಾಗಿಯೇ ಇಷ್ಟೆಲ್ಲ ಕಟ್ಟಲಾಗಿದೆ. ಮಾಡಿದ್ದುಣ್ಣೋ ಮಾರಾಯ ಎಂಬ ನ್ಯಾಯ ಅವನಿಗೆ ಸಲ್ಲಬಹುದು. ಆದರೆ ಅವನು ಮಾಡಿದ್ದನ್ನು ಇಲ್ಲಿ ಉಂಡವಳು ಏನೂ ಅರಿಯದ ಹುಡುಗಿ. ಪರರ ಮಗಳಾಗಿದ್ದರೆ ಸೆಲ್ವಂ ಕುಸಿಯುತ್ತಿದ್ದನೇ ಎಂಬ ಪ್ರಶ್ನೆಯನ್ನು ಚಿತ್ರ ಕೇಳುವುದೇ ಇಲ್ಲ.

ಸಿಂಗಂಪುಲಿ ಅವರ ಪಾತ್ರದ ಮಾತು ಇಲ್ಲಿಗೆ ಸೇರಬೇಕು. ಡಬ್ಬಿ ಕದ್ದವನೆಂದು ನಟಿಸಲು ಪೊಲೀಸರು ಹಿಡಿದು ತರುವ ನಲ್ಲಸಿವಂ ಎಂಬ ಪುಡಿಗಳ್ಳನನ್ನು ನಾವು ಹಾಸ್ಯಪಾತ್ರವೆಂದೇ ನೋಡುತ್ತೇವೆ, ಅವನೇ ಆ ಮೂವರಲ್ಲಿ ಒಬ್ಬನೆಂದು ತಿಳಿದಾಗ ಅಷ್ಟು ಹೊತ್ತು ಅವನ ಜೊತೆ ನಕ್ಕದ್ದಕ್ಕೆ ಹೇಸಿಗೆಯಾಗುತ್ತದೆ. ನೆರೆಹೊರೆಯ ತಮಾಷೆಯ ಮನುಷ್ಯನೂ ಇಂಥವನಾಗಿರಬಹುದೆಂಬ ಮಾತನ್ನು ಭಾಷಣವಿಲ್ಲದೆ ಮುಟ್ಟಿಸಿದ ಈ ಆಯ್ಕೆ ಚಿತ್ರದ ಅತ್ಯಂತ ದಿಟ್ಟ ನಿರ್ಧಾರ. ಕೊನೆಯ ತಿರುವಿಗಿಂತ ಇದೇ ನನ್ನನ್ನು ಹೆಚ್ಚು ಕಾಡಿತು.

ಪೊಲೀಸರ ವಿಷಯದಲ್ಲಿ ಚಿತ್ರದ ನಿಲುವು ಎರಡು ದೋಣಿಯಲ್ಲಿ ಕಾಲಿಟ್ಟಂತಿದೆ. ಮೊದಲರ್ಧದಲ್ಲಿ ಲಂಚಕ್ಕೆ ಬಾಯಿಬಿಡುವ, ದೂರುದಾರನಿಗೇ ಹೊಡೆಯುವ ಅದೇ ಠಾಣೆ, ಸತ್ಯ ತಿಳಿದ ಮೇಲೆ ಅಪರಾಧಿಯನ್ನು ತಂದೆಯ ಕೈಗೆ ಒಪ್ಪಿಸಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಚಿತ್ರಮಂದಿರದಲ್ಲಿ ಶಿಳ್ಳೆ ಬಿದ್ದದ್ದು ಅಲ್ಲಿಯೇ. ಶಾಲೆಗೆ ಹೋಗುವ ಹುಡುಗಿಯ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2012ರ ಪೋಕ್ಸೊ ಕಾಯ್ದೆಯಿದೆ, ಸಂತ್ರಸ್ತೆಯ ಗುರುತು ಬಯಲಾಗದಂತೆ ಕಾಪಾಡುವ ನಿಯಮ ಅದರಲ್ಲೇ ಇದೆ. ಮಗಳ ಹೆಸರು ಬೀದಿಗೆ ಬೀಳಬಾರದೆಂದು ಕಸದ ಡಬ್ಬಿಯ ನೆಪ ಹೂಡುವ ತಂದೆಗೆ ಆ ಕಾಯ್ದೆಯ ಮೇಲೂ ಅದನ್ನು ಜಾರಿಗೊಳಿಸಬೇಕಾದವರ ಮೇಲೂ ನಂಬಿಕೆಯಿಲ್ಲದಿರುವುದು ನಮ್ಮ ಸಮಾಜದ ನಿಜವೇ. ಅದನ್ನು ಚಿತ್ರ ಹಿಡಿದಿರುವುದು ಸರಿ. ಆದರೆ ಇನ್‌ಸ್ಪೆಕ್ಟರಿಗೂ ಅದೇ ಅಪನಂಬಿಕೆ ಇದೆಯೆಂದು ತೋರಿಸಿ ಅದನ್ನು ಮಾನವೀಯತೆಯೆಂದು ಮೆಚ್ಚಿಸುವುದು ಸುಲಭದ ದಾರಿ. ಸೇಡಿನ ಕಥೆಗಳಲ್ಲಿ ನ್ಯಾಯಾಲಯಕ್ಕೆ ಜಾಗವಿರುವುದಿಲ್ಲವೆಂಬುದು ಹಳೆಯ ಸಂಪ್ರದಾಯ, ನಿಜ. ಉಳಿದೆಲ್ಲ ವಿಷಯಗಳಲ್ಲಿ ಸಂಪ್ರದಾಯ ಮುರಿದ ಚಿತ್ರ ಇದೊಂದನ್ನು ಉಳಿಸಿಕೊಂಡಿತಲ್ಲ ಎಂಬುದಷ್ಟೇ ಬೇಸರ.

ಚಿತ್ರಕ್ಕೆ ಸಿಕ್ಕ ಸ್ವಾಗತದಲ್ಲಿಯೂ ಈ ಎರಡು ದನಿಗಳು ಕೇಳಿಬಂದವು. ಬಹುತೇಕ ವಿಮರ್ಶಕರು ಚಿತ್ರಕಥೆಯ ಬಿಗಿಯನ್ನೂ ಸೇತುಪತಿಯವರ ಸಂಯಮವನ್ನೂ ಎತ್ತಿ ಹಿಡಿದರೆ, ಕೆಲವರು ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಕಥೆಯ ಕೀಲಿಯಾಗಿ ಬಳಸಿಕೊಂಡದ್ದನ್ನು ಆಕ್ಷೇಪಿಸಿದರು. ಜನ ಮೊದಲನೆಯವರ ಮಾತನ್ನು ಕೇಳಿದರು. ತಮಿಳುನಾಡಿನಲ್ಲಷ್ಟೇ ಅಲ್ಲ, ತೆಲುಗು ಪ್ರೇಕ್ಷಕರ ನಡುವೆಯೂ ಚಿತ್ರ ಚೆನ್ನಾಗಿ ಓಡಿತು. ಜುಲೈ 12ರಂದು ನೆಟ್‌ಫ್ಲಿಕ್ಸ್‌ನಲ್ಲಿ ತಮಿಳಿನ ಜೊತೆಗೆ ತೆಲುಗು, ಮಲಯಾಳ, ಕನ್ನಡ, ಹಿಂದಿ ಭಾಷೆಗಳಲ್ಲಿಯೂ ಬಿಡುಗಡೆಯಾಗಿ, ಇಂಗ್ಲಿಷೇತರ ಚಿತ್ರಗಳ ಜಾಗತಿಕ ಪಟ್ಟಿಯಲ್ಲಿ ಹಲವು ವಾರ ಕಾಣಿಸಿಕೊಂಡಿತು. ಗುಟ್ಟು ಗೊತ್ತಾದ ಮೇಲೆ ಮನೆಯವರನ್ನೂ ಗೆಳೆಯರನ್ನೂ ಕೂರಿಸಿ, ಅವರ ಮುಖ ನೋಡುತ್ತಾ ಮತ್ತೊಮ್ಮೆ ನೋಡುವ ಚಿತ್ರ ಇದು, ಮನೆಯ ಪರದೆಯಲ್ಲಿ ಇಷ್ಟು ಬಾಳಿದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಚೀನಾದ ಕಥೆ ಇನ್ನೂ ಕುತೂಹಲದ್ದು. ಗಡಿ ಬಿಕ್ಕಟ್ಟಿನ ವಿಚಾರದಲ್ಲಿ 2024ರ ಅಕ್ಟೋಬರಿನಲ್ಲಿ ಎರಡೂ ದೇಶಗಳು ಒಪ್ಪಂದಕ್ಕೆ ಬಂದ ಬಳಿಕ ಅಲ್ಲಿ ತೆರೆಕಂಡ ಮೊದಲ ಭಾರತೀಯ ಚಿತ್ರವೆಂಬ ಸುದ್ದಿಯೊಂದಿಗೆ ‘ಮಹಾರಾಜ’ ನವೆಂಬರ್ 29ರಂದು ಚೀನಾದಲ್ಲಿ ಬಿಡುಗಡೆಯಾಯಿತು. ಅಲ್ಲಿನ ಗಳಿಕೆ 80 ಕೋಟಿ ರೂಪಾಯಿ ಮೀರಿತು. 2019ರಲ್ಲಿ ‘ಅಂಧಾಧುನ್’ ಅಲ್ಲಿ ದೊಡ್ಡ ಯಶಸ್ಸು ಕಂಡಾಗಲೇ, ಹಾಡು ಕುಣಿತಕ್ಕಿಂತ ಜಾಣ ಕಥಾಹೆಣಿಗೆಗೆ ಆ ಪ್ರೇಕ್ಷಕರು ಓಗೊಡುತ್ತಾರೆಂಬುದು ತಿಳಿದಿತ್ತು. ಅದರಲ್ಲೂ ಕರ್ಮಫಲದ ಲೆಕ್ಕ ಚುಕ್ತಾ ಆಗುವ ಕಥೆ ಬೌದ್ಧ ಹಿನ್ನೆಲೆಯ ಸಮಾಜಕ್ಕೆ ಅನ್ಯವೆನಿಸುವುದಿಲ್ಲ.

ಇನ್ನು ನೋಡಬೇಕೆಂದಿರುವವರಿಗೆ ಒಂದೆರಡು ಮಾತು. ತಮಿಳು ಅಷ್ಟಿಷ್ಟು ಅರ್ಥವಾಗುವವರು ಡಬ್ಬಿಂಗ್ ಬಿಟ್ಟು ಮೂಲದಲ್ಲೇ ನೋಡುವುದು ಮೇಲು; ಠಾಣೆಯ ಹಾಸ್ಯದ ಮುಕ್ಕಾಲು ಪಾಲು ಮದರಾಸಿನ ಮಾತಿನ ಓಘದಲ್ಲಿದೆ, ಸೇತುಪತಿಯವರ ಅಭಿನಯದ ಅರ್ಧ ಪಾಲು ಆ ದನಿಯಲ್ಲಿದೆ. ಮೊಬೈಲು ನೋಡುತ್ತಾ ನೋಡುವ ಚಿತ್ರವಲ್ಲ, ಐದು ನಿಮಿಷ ಕಣ್ಣು ತಪ್ಪಿದರೆ ಎಳೆ ತಪ್ಪುತ್ತದೆ. ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳುವಂಥದ್ದಂತೂ ಅಲ್ಲ. ರಕ್ತಪಾತ ಧಾರಾಳವಾಗಿದೆ, ಲೈಂಗಿಕ ಹಿಂಸೆಯ ಸೂಚನೆಗಳು ತೀರ ಹತ್ತಿರದಿಂದ ತಾಗುತ್ತವೆ. ಅಂಥ ನೋವನ್ನು ಸ್ವತಃ ಕಂಡವರಿಗೆ ಮೊದಲೇ ತಿಳಿಸಿ ತೋರಿಸುವುದು ನೋಡಿದವರ ಹೊಣೆ, ತಿರುವು ಹಾಳಾದರೂ ಚಿಂತೆಯಿಲ್ಲ.